ಇಂಗ್ಲೆಂಡಿನ ವಾರ್ಡಿನಲ್ಲಿ ‘ಪರವಾಗಿಲ್ಲ’ ಅನ್ನಬೇಡಿ

ಹೋದ ವಾರ ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಯ್ತು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ನಾನೇ ಎರಡು ರಾತ್ರಿ ಜೊತೆಗಿದ್ದೆ. ಮಂಚದ ಪಕ್ಕ ಚಾಪೆ, ಸ್ಟೂಲ್ ಮೇಲೆ ಫ್ಲಾಸ್ಕು, ಗಂಜಿ ಕ್ಯಾರಿಯರ್. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದ್ದು, ಡ್ರಿಪ್ ಮುಗಿಯಿತೆಂದು ಸಿಸ್ಟರನ್ನು ಕರೆದಿದ್ದು, ರೌಂಡ್ಸಿಗೆ ಬಂದ ಡಾಕ್ಟರ ಹತ್ತಿರ ಮಾತಾಡಿದ್ದು ಎಲ್ಲ ನಾನೇ. ದೊಡ್ಡಪ್ಪ ಸುಮ್ನೆ ಮಲಗಿದ್ದರು. ಏನು ಕೇಳಿದರೂ ‘ಪರವಾಗಿಲ್ಲ’.

ಇಂಗ್ಲೆಂಡಿಗೆ ಹೊರಟ ನಮ್ಮೂರಿನವರಿಗೆ ನಾನು ಮೊದಲು ಹೇಳುವುದು ಇದನ್ನೇ: ಅಲ್ಲಿನ ಆಸ್ಪತ್ರೆಯಲ್ಲಿ ಹೀಗೆ ‘ಪರವಾಗಿಲ್ಲ’ ಅನ್ನಬೇಡಿ. ಅಲ್ಲಿನ ಸರ್ಕಾರಿ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಅಡ್ಮಿಟ್ ಆದರೆ, ಸಾಮಾನ್ಯವಾಗಿ ವಿಸಿಟಿಂಗ್ ಟೈಮ್ ಮುಗಿದ ಮೇಲೆ ಮನೆಯವರು ಮನೆಗೆ ಹೋಗಬೇಕು. ಮಕ್ಕಳ ವಾರ್ಡಿನ ಮಾತು ಬೇರೆ. ಔಷಧಿ, ಊಟ, ಬೆಡ್‌ಶೀಟು ಎಲ್ಲ ಆಸ್ಪತ್ರೆಯದೇ. ಆದರೆ ನಿಮ್ಮ ಪರವಾಗಿ ಮಾತಾಡುವವರು ಪಕ್ಕದಲ್ಲಿ ಇರುವುದಿಲ್ಲ. ಅಲ್ಲಿಂದ ಖುಷಿಯಾಗಿ ಬರುತ್ತೀರೋ ಗೊಣಗುತ್ತಾ ಬರುತ್ತೀರೋ ಅನ್ನುವುದು ಬಹಳ ಮಟ್ಟಿಗೆ ನಿಮ್ಮ ಬಾಯಿಯ ಮೇಲೆ ನಿಂತಿದೆ.

ಅಲ್ಲಿ ನನಗೆ ಪಿತ್ತಕೋಶ ತೆಗೆದ ರಾತ್ರಿ ನರ್ಸ್ ಬಂದು, ‘ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು?’ ಅಂದಳು. ಹಲ್ಲು ಕಚ್ಚಿಕೊಂಡು ‘ಎರಡು’ ಅಂದೆ. ಎರಡಕ್ಕೆ ಸಿಗುವುದು ಪ್ಯಾರಾಸಿಟಮಾಲ್. ಕೈಯಲ್ಲೇ ಬೆಲ್ ಇತ್ತು, ಒತ್ತಲಿಲ್ಲ. ಪಾಪ, ಅವಳಿಗೆ ಯಾಕೆ ತೊಂದರೆ ಅಂತ! ಬೆಳಗಿನ ಜಾವ ತಡೆಯಲಾರದೆ ‘ಎಂಟು’ ಅಂದಾಗ, ‘ಮೊದಲೇ ಹೇಳಬಾರದಿತ್ತಾ?’ ಅಂತ ಬೈದಳು. ಆ ನಂಬರನ್ನು ನೋಡಿಯೇ ಮುಂದಿನ ಔಷಧಿ ಯಾವುದು ಅಂತ ನಿರ್ಧಾರ ಮಾಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ರೌಂಡ್ಸ್ ಬೆಳಿಗ್ಗೆ ನಡೆಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಕೇಳಬೇಕಾದ್ದನ್ನು ರಾತ್ರಿಯೇ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಸಾಲದಿದ್ದರೆ ದುಭಾಷಿ ಬೇಕೆಂದು ಮುಂಚೆಯೇ ಹೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮನೆಯ ಮಾತ್ರೆ ಡಬ್ಬಿ ಒಯ್ದು ನರ್ಸ್ ಕೈಗೆ ಕೊಡಿ.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಮೆನು ಕಾರ್ಡಿನಲ್ಲಿ ಸಸ್ಯಾಹಾರ ಇರುತ್ತದೆ, ಉಪ್ಪು ಖಾರ ಇರುವುದಿಲ್ಲ! ರೊಟ್ಟಿ, ಶೇಂಗಾ ಚಟ್ನಿಪುಡಿ ತರಿಸಿಕೊಳ್ಳಬಹುದಾ ಅಂತ ನರ್ಸನ್ನು ಕೇಳಿ. ತಂದದ್ದನ್ನು ಬಿಸಿ ಮಾಡಿಕೊಡುವುದು ಮಾತ್ರ ಅನುಮಾನ. ಒಂದೇ ಕೋಣೆಯಲ್ಲಿ ನಾಲ್ಕಾರು ಮಂಚ ಇರುವುದರಿಂದ ರಾತ್ರಿ ಗದ್ದಲ ಇದ್ದೇ ಇದೆ. ಕಿವಿಗೆ ಹತ್ತಿ ಒಯ್ಯಿರಿ.

ಜಾಸ್ತಿ ಸಿಟ್ಟು ಬರುವುದು ಡಿಸ್ಚಾರ್ಜ್ ದಿನ. ಊರಲ್ಲಿ ಬಿಲ್ ಆಗಲಿ, ಇನ್ಶೂರೆನ್ಸ್ ಅಪ್ರೂವಲ್ ಬರಲಿ ಅಂತ ಕಾಯುತ್ತೇವೆ. ಅಲ್ಲಿ ಕಾಯುವುದು ಮಾತ್ರೆಗೆ. ಬೆಳಿಗ್ಗೆ ಹತ್ತಕ್ಕೆ ‘ಮನೆಗೆ ಹೋಗಬಹುದು’ ಅಂದರು, ಫಾರ್ಮಸಿಯಿಂದ ನನ್ನ ಚೀಲ ಬಂದಾಗ ಸಂಜೆ ಐದು. ಮಾತ್ರೆ ಫ್ರೀ, ಸಮಯ ನಮ್ಮದು. ಹೊರಡುವ ಮುಂಚೆ ಎರಡನ್ನು ಕೇಳಿ ಪಡೆಯಿರಿ: ನಿಮ್ಮ ಜಿಪಿ, ಅಂದರೆ ಏರಿಯಾ ಡಾಕ್ಟರಿಗೆ ಹೋಗುವ ಪತ್ರದ ಪ್ರತಿ, ಮತ್ತು ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಫೋನ್ ಮಾಡಬೇಕಾದ ನಂಬರು.

ತಕರಾರಿದ್ದರೆ ಕೂಗಾಡಬೇಡಿ. ಆಸ್ಪತ್ರೆಯಲ್ಲೇ ರೋಗಿಗಳ ಅಹವಾಲು ಕೇಳುವ ಪಾಲ್ಸ್ ಅನ್ನುವ ವಿಭಾಗ ಇರುತ್ತದೆ, ಅಲ್ಲಿ ಹೇಳಿ. ಬರೆದು ದೂರು ಕೊಡಲು ಸಾಮಾನ್ಯವಾಗಿ 12 ತಿಂಗಳು ಸಮಯವಿದೆ. ರೋಗಿಯ ಸ್ಥಿತಿ ಕೆಡುತ್ತಿದ್ದರೂ ಯಾರೂ ಗಮನಿಸುತ್ತಿಲ್ಲ ಅನಿಸಿದರೆ ಅಷ್ಟು ಕಾಯಬೇಕಿಲ್ಲ. 2024ರಿಂದ ಆಸ್ಪತ್ರೆಗಳಲ್ಲಿ ‘ಮಾರ್ಥಾ ರೂಲ್’ ಜಾರಿಗೆ ಬರುತ್ತಿದೆ. ಅದರ ಪ್ರಕಾರ ಬೇರೆ ತಂಡ ಬಂದು ನೋಡಲಿ ಅಂತ ರೋಗಿಯೋ ಮನೆಯವರೋ ಕೇಳಬಹುದು. ಅದರ ನಂಬರು ಎಲ್ಲಿದೆ ಅಂತ ವಾರ್ಡಿನಲ್ಲಿ ವಿಚಾರಿಸಿಕೊಳ್ಳಿ.

ಆಮೇಲೆ ಮನೆಗೆ ಒಂದು ಸರ್ವೆ ಬರಬಹುದು. ಆಸ್ಪತ್ರೆಗಳ ಗುಣಮಟ್ಟ ನೋಡುವ ಕೇರ್ ಕ್ವಾಲಿಟಿ ಕಮಿಷನ್ ನಡೆಸುವ ಈ ಸರ್ವೆಯನ್ನು ಒಂದು ರಾತ್ರಿಯಾದರೂ ಒಳರೋಗಿಯಾಗಿದ್ದ, 16 ವರ್ಷ ತುಂಬಿದವರಿಗೆ ಕಳಿಸುತ್ತಾರೆ. ಡಾಕ್ಟರ್ ನಿಮ್ಮೆದುರೇ ನಿಮ್ಮ ಬಗ್ಗೆ ಮಾತಾಡುವಾಗ ನಿಮ್ಮನ್ನೂ ಸೇರಿಸಿಕೊಂಡರಾ, ಗದ್ದಲದಿಂದ ನಿದ್ದೆ ಕೆಟ್ಟಿತಾ, ಊಟ ಮಾಡಲು ಸಹಾಯ ಸಿಕ್ಕಿತಾ ಅಂತೆಲ್ಲ ಕೇಳುತ್ತಾರೆ. ಬಿಲ್ಡಿಂಗು, ಮಿಷನ್ನಿಗಿಂತ ಇಂಥವೇ ರೋಗಿಯ ಮನಸ್ಸಿನಲ್ಲಿ ಉಳಿಯುತ್ತವೆ ಅಲ್ವಾ? ಅಲ್ಲೂ ‘ಪರವಾಗಿಲ್ಲ’ ಅಂತ ಟಿಕ್ ಹಾಕಬೇಡಿ.

ಅಪ್ಪ ಅಮ್ಮನನ್ನು ವಿಸಿಟರ್ ವೀಸಾದಲ್ಲಿ ಕರೆಸಿಕೊಳ್ಳುವವರಿಗೆ ಇನ್ನೊಂದು ಮಾತು. ಎಮರ್ಜೆನ್ಸಿ ವಿಭಾಗದಲ್ಲಿ ನೋಡಿದರೆ ಅವರೂ ದುಡ್ಡು ಕೊಡಬೇಕಿಲ್ಲ. ಆದರೆ ಅಡ್ಮಿಟ್ ಆದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಎನ್‌ಎಚ್‌ಎಸ್ ದರದ ಶೇ. 150ರಷ್ಟು ಬಿಲ್ ಬರುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಯೇ ವಿಮಾನ ಹತ್ತಿಸಿ. ಶುಗರ್, ಬಿಪಿ ಇದ್ದರೆ ಅದನ್ನೂ ಪಾಲಿಸಿಯಲ್ಲಿ ಬರೆಸಿ.