ತೋಪಿನ ಫಸಲು ಅಂದಾಜಿಗೆ ಮೊದಲು ಚೀಟಿ, ಆಮೇಲೆ ಮಾತು

ಮಾವಿನ ತೋಪು ಗುತ್ತಿಗೆಗೆ ಕೊಡುವ ಮುಂಚೆ ನಮ್ಮ ಮನೆಯವರೆಲ್ಲ ಸೇರಿ ಫಸಲು ಅಂದಾಜು ಮಾಡುತ್ತೇವೆ. ಒಂದು ವರ್ಷ ದೊಡ್ಡಪ್ಪ ಮೊದಲ ಸಾಲಿನಲ್ಲೇ ನಿಂತು ತಲೆ ಎತ್ತಿ ನೋಡಿ, "ಎಂಟು ಟನ್ ಆಗುತ್ತೆ" ಅಂದುಬಿಟ್ಟರು. ಒಬ್ಬರು ಏಳೂವರೆ ಅಂದರು, ಇನ್ನೊಬ್ಬರು ಎಂಟೂವರೆ. ಹನ್ನೊಂದು ಅಂದುಕೊಂಡಿದ್ದ ಚಿಕ್ಕಮ್ಮ ಸುಮ್ನೆ ಇದ್ದರು. ಕೊಯ್ಲಿನಲ್ಲಿ ಬಂದದ್ದು ಹತ್ತು ಟನ್‌ಗಿಂತ ಜಾಸ್ತಿ.

ಒಬ್ಬರೇ ಅಂದಾಜು ಮಾಡಿದರೂ ತಪ್ಪುತ್ತದೆ. ಹೋದ ವರ್ಷದ ಲೆಕ್ಕ ತಲೆಯಲ್ಲಿ ಕೂತಿರುತ್ತದೆ, ಮಾವು ನೋಡಿದರೆ ಒಂದು ವರ್ಷ ಜಾಸ್ತಿ, ಒಂದು ವರ್ಷ ಕಡಿಮೆ ಬಿಡುವ ಮರ. ಹಲವರು ಸೇರಿದರೆ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಯನ್ನು ಸರಿದೂಗಿಸುತ್ತದೆ, ಆದರೆ ಯಾರೂ ಯಾರ ಮಾತೂ ಕೇಳಿರಬಾರದು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಜನ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸಿ ಚೀಟಿಯಲ್ಲಿ ಬರೆದಿದ್ದರು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 787 ಚೀಟಿ ಜೋಡಿಸಿ ನೋಡಿದರೆ ನಡುವಿನ ಅಂಕಿ 1207 ಪೌಂಡ್. ನಿಜವಾದ ತೂಕ ಅದಕ್ಕಿಂತ ಸುಮಾರು ಹತ್ತು ಪೌಂಡ್ ಮಾತ್ರ ಕಡಿಮೆ!

ಹಾಗಾಗಿ ಹೀಗೆ ಮಾಡಿ. ತೋಪಿಗೆ ಎಲ್ಲರೂ ಒಟ್ಟಿಗೆ ಹೋಗಬೇಡಿ. ರಸ್ತೆ ಪಕ್ಕದ ನಾಲ್ಕು ಮರವನ್ನೇ ಎಲ್ಲರೂ ನೋಡಿದರೆ ಎಲ್ಲರ ತಪ್ಪೂ ಒಂದೇ ಕಡೆ ವಾಲುತ್ತದೆ, ಅದನ್ನು ಯಾವ ಸರಾಸರಿಯೂ ಸರಿ ಮಾಡುವುದಿಲ್ಲ. ಒಬ್ಬರು ಬಾವಿ ಕಡೆಯಿಂದ ಶುರು ಮಾಡಲಿ, ಇನ್ನೊಬ್ಬರು ಹಿಂದಿನ ಬೇಲಿಯಿಂದ. ಮರದ ಸುತ್ತ ಒಂದು ಸುತ್ತು ಬನ್ನಿ, ಎಲೆ ಮರೆಯ ಕಾಯಿಯನ್ನೂ ನೋಡಿ. ತೋಪಿನಲ್ಲಿ ಮಾತು ಬೇಡ.

ಮನೆಗೆ ಬಂದು ಎಲ್ಲರೂ ಚೀಟಿಯಲ್ಲಿ ಒಂದು ಅಂಕಿ ಬರೆಯಿರಿ. ಹೆಸರು ಬೇಡ, ಮಡಚಿ ತಟ್ಟೆಗೆ ಹಾಕಿ. ಮನೆಯ ಚಿಕ್ಕ ಹುಡುಗಿ ಬಿಡಿಸಿ ಓದಲಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಹಿಡಿಯಿರಿ.

ಇನ್ನು ಮಾತಾಡಬಹುದು. ಎಲ್ಲರಿಗಿಂತ ದೂರದ ಅಂಕಿ ಬರೆದವರು ಮೊದಲು ಹೇಳಲಿ, ಹಿರಿಯರು ಕೊನೆಗೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಗುಂಪಿನಲ್ಲಿ ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಕಣ್ಣೆದುರು ಸರಿ ಉತ್ತರವಿದ್ದರೂ ಸುಮಾರು ಮೂರರಲ್ಲಿ ಒಂದು ಸಲ ಜನ ಅವರ ಮಾತಿಗೇ ಸೇರಿದರು. ಸರಿ ಹೇಳುವವರು ಇನ್ನೊಬ್ಬರು ಜೊತೆಗಿದ್ದರೆ ಸಾಕು, ಅದು ತುಂಬಾ ಇಳಿಯಿತು. ನಮ್ಮ ಚಿಕ್ಕಮ್ಮನಿಗೂ ಅವತ್ತು ಅಂಥ ಒಬ್ಬರು ಬೇಕಿತ್ತು ಅಲ್ವಾ?

ವ್ಯಾಪಾರಿ ಬರುವ ಮುಂಚೆ ಇದೆಲ್ಲ ಮುಗಿದಿರಲಿ. ಅವನು ಮೊದಲು ಹೇಳುವ ಅಂಕಿಯೂ ದೊಡ್ಡಪ್ಪನ ಎಂಟು ಟನ್ನಿನ ಹಾಗೇ ತಲೆಯಲ್ಲಿ ಕೂತುಬಿಡುತ್ತದೆ. ಚೀಟಿಗಳನ್ನು ಎಸೆಯಬೇಡಿ, ಕೊಯ್ಲಿನ ತೂಕವನ್ನು ಅವುಗಳ ಜೊತೆಗೇ ಬರೆದಿಡಿ.