ತಯಾರಿ ಇಲ್ಲದೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸೋದು ಹೇಗೆ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಲ್ಲೇ ಕಥೆ ಕಟ್ಟೋ ಆಟ ಇದು. ಆಟ ನಡೆಸೋರನ್ನ ಗೇಮ್ ಮಾಸ್ಟರ್ ಅಂತಾರೆ. ಮೊದಲ ಸಲ ಗೇಮ್ ಮಾಸ್ಟರ್ ಆದಾಗ ನಾನು 12 ಪುಟ ಬರೆದುಕೊಂಡು ಹೋಗಿದ್ದೆ. ರಾಜವಂಶ, ನಕ್ಷೆ, ಮೂರು ದೇವರು, ಒಂದು ಹಳೇ ಯುದ್ಧ, ಎಲ್ಲ ಇತ್ತು. ಆಟಗಾರರು ಅರ್ಧ ಗಂಟೆಯೊಳಗೆ ದೋಣಿ ಹತ್ತಿ, ನಾನು ಒಂದು ಸಾಲೂ ಬರೆಯದ ದ್ವೀಪಕ್ಕೆ ಹೊರಟೇಬಿಟ್ಟರು. ಅಷ್ಟೂ ಪುಟ ನೀರುಪಾಲು. ಈಗ ಖಾಲಿ ಹಾಳೆ ಇಟ್ಟುಕೊಂಡೇ ಕೂರುತ್ತೇನೆ. ಪ್ರಪಂಚ ಕಟ್ಟೋರು ಆಟಗಾರರು, ಪ್ರಶ್ನೆ ಕೇಳೋನು ನಾನು.

ಮೂರು ನಾಲ್ಕು ಜನ, ಆರು ಮುಖದ ಎರಡು ದಾಳ, ಒಂದಿಷ್ಟು ಖಾಲಿ ಕಾರ್ಡ್, ಪೆನ್ನು ಇದ್ದರೆ ಸಾಕು. ಐದಕ್ಕಿಂತ ಜಾಸ್ತಿ ಜನ ಆದರೆ ಒಬ್ಬರು ಉತ್ತರ ಹೇಳುವಷ್ಟರಲ್ಲಿ ಉಳಿದವರು ಫೋನ್ ತೆಗೆದಿರುತ್ತಾರೆ.

ಶುರುವಿನಲ್ಲೇ ಎರಡು ವಿಷಯ ಮಾತಾಡಿಕೊಳ್ಳಿ. ಕಥೆ ತಮಾಷೆಯದ್ದೋ, ಹೆದರಿಸುವಂಥದ್ದೋ? ಯಾವ ವಿಷಯ ಮೇಜಿಗೆ ಬರಲೇಬಾರದು? ಒಂದು ಕಾರ್ಡಿನ ಮೇಲೆ ದೊಡ್ಡದಾಗಿ ಎಕ್ಸ್ ಬರೆದು ನಡುವೆ ಇಡಿ. ಯಾರಾದರೂ ಅದನ್ನು ಮುಟ್ಟಿದರೆ ಆಗ ಬಂದ ಮಾತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳೋ ಹಾಗಿಲ್ಲ. ಏನು ಬೇಕಾದರೂ ಹುಟ್ಟಬಹುದಾದ ಆಟ ಇದು, ಹಾಗಾಗಿ ಈ ಕಾರ್ಡ್ ಬಿಡಬೇಡಿ.

ಇನ್ನು ಪ್ರಶ್ನೆಗಳು. ಇಡೀ ಆಟ ನಿಂತಿರೋದು ಇದರ ಮೇಲೆಯೇ. "ಈ ಊರು ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ತಪ್ಪು ಅವರದ್ದಲ್ಲ, ಅಷ್ಟು ಅಗಲದ ಪ್ರಶ್ನೆಗೆ ಎಲ್ಲಿಂದ ಶುರು ಮಾಡೋದು ಅಂತ ಯಾರಿಗೂ ಹೊಳೆಯಲ್ಲ. ಅರ್ಧ ವಿಷಯ ನೀವೇ ಹೇಳಿ, ಉಳಿದರ್ಧ ಕೇಳಿ. ನಮ್ಮ ಒಂದು ಆಟ ಶುರುವಾಗಿದ್ದು ಹೀಗೆ:

"ಈ ಊರಲ್ಲಿ ಕತ್ತಲಾದ ಮೇಲೆ ಯಾರೂ ದೀಪ ಹಚ್ಚಲ್ಲ. ಯಾಕೆ?"

"ಬೆಳಕು ಕಂಡ್ರೆ ಕೆರೆಯಿಂದ ಏನೋ ಎದ್ದು ಬರುತ್ತೆ."

"ಸರಿ. ಹೋದ ಸಲ ಬಂದಾಗ ಯಾರನ್ನ ಎಳ್ಕೊಂಡು ಹೋಯ್ತು?"

ಸ್ವಲ್ಪ ಹೊತ್ತು ಮೌನ. "ನಮ್ಮಕ್ಕನ್ನ. ದೀಪ ಹಚ್ಚಿದ್ದು ನಾನೇ."

ಪಕ್ಕದಲ್ಲಿದ್ದವಳ ಕಡೆ ತಿರುಗಿದೆ. "ಅವನೇ ಹಚ್ಚಿದ್ದು ಅಂತ ನಿನಗೆ ಗೊತ್ತು. ಇಷ್ಟು ದಿನ ಯಾಕೆ ಬಾಯಿ ಬಿಟ್ಟಿಲ್ಲ?"

"ಎಣ್ಣೆ ಮಾರಿದ್ದು ನಾನಲ್ವಾ!"

ಮೂರು ನಿಮಿಷ ಆಗಿತ್ತು ಅಷ್ಟೇ. ಊರು, ಭಯ, ಗುಟ್ಟು ಎಲ್ಲ ಸಿಕ್ಕಿತ್ತು. ಒಂದೊಂದು ಉತ್ತರವನ್ನೂ ಕಾರ್ಡಿನ ಮೇಲೆ ಬರೆದು ಎಲ್ಲರಿಗೂ ಕಾಣೋ ಹಾಗೆ ಇಡಿ. ಬರೆದಿದ್ದು ಖಾಯಂ. ಗೇಮ್ ಮಾಸ್ಟರ್ ಕೂಡ ಆಮೇಲೆ "ಅದು ಬರೀ ಕನಸು" ಅಂತ ಅಳಿಸೋ ಹಾಗಿಲ್ಲ. ಒಂದು ಸಲ ಅಳಿಸಿದಿರೋ, ಮುಂದೆ ಯಾರೂ ಮನಸ್ಸಿಟ್ಟು ಉತ್ತರ ಕೊಡಲ್ಲ.

ಆದರೆ ಎಲ್ಲವನ್ನೂ ಕೇಳಬೇಡಿ. ಬಾಗಿಲ ಹಿಂದೆ ಏನಿದೆ ಅಂತ ಬಾಗಿಲು ತೆಗೆಯುತ್ತಿರುವವನನ್ನೇ ಕೇಳಿದರೆ ಅವನಿಗೆ ಮಜಾ ಎಲ್ಲಿ? ತನ್ನ ಒಗಟಿಗೆ ತಾನೇ ಉತ್ತರ ಹೇಳಿಕೊಂಡ ಹಾಗಾಗುತ್ತೆ. ಪಾತ್ರಕ್ಕೆ ಮೊದಲೇ ಗೊತ್ತಿರುವುದನ್ನು ಕೇಳಿ: ಹಳೇ ಕಥೆ, ಸಂಬಂಧ, ಊರಿನ ಗಾಳಿಮಾತು. ಕೆರೆಯಲ್ಲಿ ನಿಜವಾಗಿ ಏನಿದೆ ಅನ್ನೋದು ನಿಮ್ಮ ಕೈಯಲ್ಲಿರಲಿ. ಅದು ಆಗ ನಿಮಗೂ ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ.

ಪಾತ್ರ ಏನೋ ಮಾಡೋಕೆ ಹೊರಟಾಗ ಅದು ಆಗುತ್ತೋ ಇಲ್ಲವೋ ಅಂತ ಹೇಳೋದು ದಾಳ. ಅದಕ್ಕೆ ನಾನು ಬಳಸೋದು 2010ರ ಅಪೊಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಇಂಥದೇ ಆಟದ ಲೆಕ್ಕ. ಎರಡು ದಾಳ ಹಾಕಿ ಕೂಡಿಸಿ. 10 ಅಥವಾ ಮೇಲೆ ಬಿದ್ದರೆ ಅಂದುಕೊಂಡಿದ್ದು ಆಗುತ್ತೆ. 7ರಿಂದ 9 ಬಿದ್ದರೆ ಆಗುತ್ತೆ, ಆದರೆ ಏನಾದರೂ ಕಳೆದುಕೊಳ್ಳಬೇಕು. 6 ಅಥವಾ ಕೆಳಗೆ ಬಿದ್ದರೆ ಎಡವಟ್ಟು. ಎರಡು ದಾಳ 36 ರೀತಿ ಬೀಳಬಹುದು, ಅದರಲ್ಲಿ ಪೂರ್ತಿ ಗೆಲುವು ಬರೀ 6. ಉಳಿದ 30ರಲ್ಲೂ ಏನೋ ಒಂದು ತೊಡಕು ಹುಟ್ಟುತ್ತೆ. (ಪಾತ್ರದ ಸಾಮರ್ಥ್ಯದ ಅಂಕ ಸೇರಿಸಿದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತೆ.) ತಯಾರಿ ಇಲ್ಲದೆ ಕೂತವರಿಗೆ ಬೇಕಾಗಿರೋದು ಇದೇ, ಮುಂದೇನು ಅಂತ ತಲೆ ಕೆರೆದುಕೊಳ್ಳೋ ಮೊದಲೇ ದಾಳವೇ ಕಥೆಗೆ ಸರಕು ಒದಗಿಸಿರುತ್ತೆ. ಹಾಗಂತ ಸುಮ್ನೆ ಎಲ್ಲದಕ್ಕೂ ದಾಳ ಹಾಕಿಸಬೇಡಿ. ಸೋತರೂ ಗೆದ್ದರೂ ಕಥೆ ತಿರುಗುತ್ತೆ ಅನ್ನೋ ಕಡೆ ಮಾತ್ರ ಹಾಕಿಸಿ.

ಇಪ್ಪತ್ತು ಹೆಸರು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ. ಅಂಗಡಿಯವನ ಹೆಸರೇನು ಅಂತ ಕೇಳಿದಾಗ ತಡವರಿಸಿದರೆ ಆಟದ ಬಿಸಿ ಆರಿಹೋಗುತ್ತೆ. ಒಂದು ವೃತ್ತ ಬರೆದು ಆರು ಭಾಗ ಮಾಡಿ, ಎಡವಟ್ಟಾದಾಗಲೆಲ್ಲ ಒಂದು ಭಾಗ ತುಂಬಿ. ಆರೂ ತುಂಬಿದ ದಿನ ಕೆರೆಯಲ್ಲಿರೋದು ದೀಪಕ್ಕೂ ಕಾಯದೆ ಎದ್ದು ಬರುತ್ತೆ. ಎಷ್ಟು ತುಂಬಿದೆ ಅಂತ ಎಲ್ಲರಿಗೂ ಕಾಣಲಿ.

ಸುಮ್ಮನೆ ಕೂತವರಿಗೆ ಎರಡು ಆಯ್ಕೆ ಕೊಟ್ಟು ಕೇಳಿ: "ಆ ದೋಣಿ ನಿನ್ನದೋ, ಕದ್ದಿದ್ದೋ?" ಇಷ್ಟಕ್ಕೆ ಎಂಥ ನಾಚಿಕೆಯವರೂ ಉತ್ತರ ಕೊಡುತ್ತಾರೆ. ಜಾಸ್ತಿ ಮಾತಾಡುವವರನ್ನು ತಡೆಯೋಕೆ ಹೋಗಬೇಡಿ. ಅವರು ಹೇಳಿದ್ದನ್ನೇ ಹಿಡಿದು ಪಕ್ಕದವರಿಗೆ ಮುಂದಿನ ಪ್ರಶ್ನೆ ಹಾಕಿ.

ಮುಗಿಸೋ ಮುಂಚೆ, ಮುಂದಿನ ಸಲ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಿ. ಮುಂದಿನ ಆಟಕ್ಕೆ ನಿಮ್ಮ ತಯಾರಿ ಅಷ್ಟೇ. ಆ ಕೆರೆಯ ಕಥೆ ಆಡಿದ ದಿನ ನಾನು ಮನೆಗೆ ತಂದಿದ್ದು ನಾಲ್ಕೇ ಸಾಲು. ಕೊನೇದು, ಇಡೀ ಸಂಜೆ ಬಾಯಿ ಬಿಡದ ಹುಡುಗಿ ಹೇಳಿದ್ದು: "ಅಕ್ಕನ ಚಪ್ಪಲಿ ಒಣಗಿತ್ತಲ್ಲ, ಯಾಕೆ?"