ಬೆಳವ ಹಾರಿದ ದಿಕ್ಕು ಹಿಡಿದು

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಮಾರ್ಚ್ ದಾಟಿತೆಂದರೆ ಹಳ್ಳಗಳಲ್ಲಿ ಬರೀ ಮರಳು. 2019ರಲ್ಲಿ ಈ ಕಾಡನ್ನು ಚಿಂಕಾರ (ಸಣ್ಣ ಜಾತಿಯ ಹುಲ್ಲೆ) ವನ್ಯಜೀವಿಧಾಮವೆಂದು ಘೋಷಿಸಿದರು. ಬೇಸಿಗೆಯಲ್ಲಿ ನೀರು ಎಲ್ಲೆಲ್ಲಿ ಉಳಿದಿದೆ ಎಂದು ಗುರುತು ಮಾಡಲು ನಾನು ಇಲಾಖೆಯ ಅನುಮತಿ ಪಡೆದು, ವಾಚರ್ ಒಬ್ಬರ ಜೊತೆ ಇಲ್ಲಿ ನಡೆಯುತ್ತೇನೆ. ಕೆರೆಕಟ್ಟೆಗಳು ಎಲ್ಲರಿಗೂ ಗೊತ್ತು, ನಕ್ಷೆಯಲ್ಲೂ ಇವೆ. ನಕ್ಷೆಗೆ ಬಾರದ ಒರತೆ, ಬಂಡೆಯ ಮೇಲಿನ ದೊಣೆ, ಮರಳಿನಡಿಯ ಜಿನುಗನ್ನು ನನಗೆ ತೋರಿಸಿಕೊಟ್ಟಿದ್ದು ಪ್ರಾಣಿಪಕ್ಷಿಗಳೇ.

ಪ್ರಾಣಿ ಕಂಡಲ್ಲಿ ನೀರಿದೆ ಅನ್ನುವುದು ಬಹಳ ಜನರ ನಂಬಿಕೆ. ಅದನ್ನೇ ನಂಬಿ ಹೊರಟರೆ ಇಲ್ಲಿ ದಾರಿ ತಪ್ಪುವುದು ಖಂಡಿತ. ಚಿಂಕಾರವನ್ನೇ ನೋಡಿ. ತಿನ್ನುವ ಸೊಪ್ಪು, ಕಾಯಿ, ಎಲೆಯ ಮೇಲಿನ ಇಬ್ಬನಿ ಇಷ್ಟರಲ್ಲೇ ಅದು ಬಹಳ ದಿನ ನೀರು ಮುಟ್ಟದೆ ಇರಬಲ್ಲದು. ಅದರ ಬೆನ್ನು ಹತ್ತಿದರೆ ಬಿಸಿಲಲ್ಲಿ ಸುತ್ತುವುದೊಂದೇ ಲಾಭ. ಇದೇ ಕಾಡಿನ ಕೊಂಡುಕುರಿ ಹಾಗಲ್ಲ, ಅದು ಆಗಾಗ ಕುಡಿಯಲೇಬೇಕು, ನೀರು ಬಿಟ್ಟು ಬಹಳ ದೂರ ಹೋಗದು. ಹದ್ದು, ಗಿಡುಗಗಳಿಗೆ ಬೇಟೆಯ ಮಾಂಸದಲ್ಲೇ ಬೇಕಾದಷ್ಟು ನೀರು ಸಿಗುತ್ತದೆ. ಮುಸುವ ಚಿಗುರು ತಿಂದುಕೊಂಡೇ ಕಾಲ ಕಳೆಯುತ್ತದೆ. ಆದ್ದರಿಂದ ಯಾವ ಪ್ರಾಣಿ ಕಂಡರೂ ನಾನು ಮೊದಲು ಯೋಚಿಸುವುದು ಒಂದೇ: ಇದು ತಿನ್ನುವುದೇನು? ಒಣ ಕಾಳು ತಿನ್ನುವ ಜೀವಕ್ಕೆ ದಿನವೂ ನೀರು ಬೇಕು. ಬೆಳವ, ರಾಟವಾಳ, ಸ್ಯಾಂಡ್‌ಗ್ರೌಸ್ ಹಕ್ಕಿಗಳು ಈ ಗುಂಪಿನವು.

ಇವುಗಳಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಬೆಳವ, ಅದರಲ್ಲೂ ಕತ್ತಿನ ಹಿಂದೆ ಕರಿ ಪಟ್ಟಿಯಿರುವ ದೊಡ್ಡ ಬೆಳವ. ಬೆಳಕು ಹರಿಯುವ ಮೊದಲೇ ಸುತ್ತಲೂ ಕಾಣುವ ಬೋಳುಬಂಡೆ ಹತ್ತಿ ಕೂರುತ್ತೇನೆ. ಬಿಸಿಲು ಬಲಿಯುವ ಮೊದಲು ಅವು ಒಂದೊಂದಾಗಿ, ಎರಡೆರಡಾಗಿ ಹೊರಡುತ್ತವೆ. ಒಂದು ಹಕ್ಕಿಯನ್ನು ನೋಡಿ ತೀರ್ಮಾನಕ್ಕೆ ಬರುವುದಿಲ್ಲ, ಅದು ಮೇವಿಗೂ ಹೋಗುತ್ತಿರಬಹುದು. ಬೇರೆ ಬೇರೆ ಕಡೆಯಿಂದ ಬಂದವು ಒಂದೇ ಸಂದಿಗೆ ಇಳಿಯುತ್ತಿದ್ದರೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹೋಗುವಾಗ ಅವುಗಳ ಹಾರಾಟ ನೇರ, ಚುರುಕು. ಕುಡಿದ ಮೇಲೆ ಆ ಅವಸರ ಇರುವುದಿಲ್ಲ, ಮರದಿಂದ ಮರಕ್ಕೆ ಕೂತು ಕೂತು ಬರುತ್ತವೆ. ಇದನ್ನು ನನಗೆ ಹೇಳಿಕೊಟ್ಟವರು ಕುರಿ ಕಾಯುವ ಹಿರಿಯರೊಬ್ಬರು. "ಕೂತು ಬರೋ ಹಕ್ಕಿ ಹಿಂದೆ ಹೋಗಬ್ಯಾಡ ಮಗಾ, ಅದರ ಹೊಟ್ಟೆ ತುಂಬೈತೆ. ನಿಲ್ಲದಂಗೆ ಹೋಗೋದನ್ನ ನೋಡು," ಎಂದಿದ್ದರು.

ಒಂದು ಬಂಡೆಯ ಮೇಲಿಂದ ಸಿಗುವುದು ದಿಕ್ಕು ಮಾತ್ರ, ದೂರ ಗೊತ್ತಾಗುವುದಿಲ್ಲ. ಅದಕ್ಕೆ ಮಾರನೆಯ ದಿನ ಇನ್ನೊಂದು ಬಂಡೆಯ ಮೇಲೆ ಕೂತು ಅದೇ ಹೊತ್ತಿನಲ್ಲಿ ನೋಡುತ್ತೇನೆ. ಎರಡೂ ಕಡೆಯ ಗೆರೆಯನ್ನು ನಕ್ಷೆಯ ಮೇಲೆ ಎಳೆದರೆ ಅವು ಕೂಡುವ ಜಾಗದ ಆಸುಪಾಸಿನಲ್ಲಿ ನೀರು ಇರುತ್ತದೆ. ಹೀಗೆ ಗೆರೆ ಎಳೆದು ಹೋದಾಗ ಒಮ್ಮೆ ಸಿಕ್ಕಿದ್ದು ಬಳ್ಳಾರಿ ಜಾಲಿಯ ಮೆಳೆಯೊಳಗೆ ಹೂತುಹೋಗಿದ್ದ ಹಳೆಯ ತಲಪರಿಗೆ. ಮಧುಗಿರಿ, ಪಾವಗಡ, ಕೊರಟಗೆರೆ, ಶಿರಾ ಕಡೆಯವರಿಗೆ ತಲಪರಿಗೆ ಹೊಸದಲ್ಲ. ಮರಳುನೆಲದಲ್ಲಿ ತಾನಾಗಿ ಉಕ್ಕುವ ಒರತೆಗೆ ಕಲ್ಲು ಕಟ್ಟಿ, ಕಾಲುವೆ ತೆಗೆದು ಹೊಲಕ್ಕೆ ಹಾಯಿಸುತ್ತಿದ್ದರು. ಇಲ್ಲಿ ಕಾಲುವೆ ಮುಚ್ಚಿಹೋಗಿತ್ತು, ಕಟ್ಟಡದ ಎರಡು ಮೂಲೆ ಕುಸಿದಿದ್ದವು. ಮೂರನೆಯ ಮೂಲೆಯಲ್ಲಿ, ಕಲ್ಲಿನ ಸಂದಿಯಿಂದ ಜಿನುಗಿ, ಅಂಗೈಯಗಲ ನೀರು ನಿಂತಿತ್ತು. ಬೆಳವಗಳು ತಲೆ ಎತ್ತದೆ ಒಂದೇ ಉಸಿರಿಗೆ ಹೀರುತ್ತವೆ. ಬೇರೆ ಹೆಚ್ಚಿನ ಹಕ್ಕಿಗಳು ಗುಟುಕಿಗೊಮ್ಮೆ ಕೊಕ್ಕು ಮೇಲೆತ್ತಿ ನುಂಗಬೇಕು. ಅಷ್ಟು ಚಿಕ್ಕ ಜಾಗದಲ್ಲಿ, ಯಾವ ಕ್ಷಣದಲ್ಲೂ ಬೇಟೆಯವ ಎರಗಬಹುದಾದ ಕಡೆ, ಆ ಅಭ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂದು ಅಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ನೆಲದ ಮೇಲಿನ ಗುರುತುಗಳಲ್ಲಿ ನಾನು ಹೆಚ್ಚು ನಂಬುವುದು ಹಂದಿಯನ್ನು. ಕಾಡುಹಂದಿ ಕೆಸರಿನಲ್ಲಿ ಹೊರಳಿ ಎದ್ದು ಹತ್ತಿರದ ಮರಕ್ಕೆ ಮೈ ಉಜ್ಜುತ್ತದೆ. ಕಾಂಡದ ಮೇಲೆ ಮೊಳಕಾಲಿನ ಎತ್ತರದಲ್ಲಿ ಕೆಸರು ಮೆತ್ತಿದ್ದರೆ ಉಗುರಿನಿಂದ ಕೆರೆದು ನೋಡುತ್ತೇನೆ. ಬಿಳುಚಿಕೊಂಡು ಪುಡಿಯಾಗಿ ಉದುರಿದರೆ ಹಳೆಯದು, ಆ ಹೊಂಡ ಬತ್ತಿರಲೂಬಹುದು. ಕಪ್ಪಾಗಿದ್ದು ಉಗುರಿಗೆ ಅಂಟಿದರೆ ಹೊಂಡ ಹತ್ತಿರದಲ್ಲೇ ಇದೆ. ಆಮೇಲೆ ಕಾಲುದಾರಿಗಳನ್ನು ನೋಡಬೇಕು. ಇಳಿಜಾರಿನಲ್ಲಿ ಒಂದಕ್ಕೊಂದು ಸೇರುತ್ತಾ, ಅಗಲವಾಗುತ್ತಾ ಹೋಗುವ ದಾರಿ ನೀರಿನ ಕಡೆಯದು. ಕವಲೊಡೆದು ತೆಳುವಾಗುತ್ತಾ ಹೋದರೆ ಮೇವಿನ ಕಡೆಯದು.

ಮಿಂಚುಳ್ಳಿ ಕಂಡರೆ ನೀರು ಎಂದು ಹೇಳುವವರಿದ್ದಾರೆ. ಯಾವ ಮಿಂಚುಳ್ಳಿ ಎಂದು ಕೇಳಬೇಕು. ಎದೆ ಬಿಳಿಯಿರುವ ದೊಡ್ಡದು ಓತಿಕ್ಯಾತ, ಮಿಡತೆ ತಿಂದು ನೀರಿಲ್ಲದ ಕಡೆಯೂ ಬದುಕುತ್ತದೆ. ಗುಬ್ಬಿಯಷ್ಟೇ ಇರುವ ನೀಲಿ ಮಿಂಚುಳ್ಳಿ ಕಂಡರೆ ಮೀನಿರುವಷ್ಟು ನೀರು ಖಂಡಿತ ಇದೆ. ಏರೋಪ್ಲೇನ್ ಚಿಟ್ಟೆಯನ್ನೂ ನಂಬಬೇಡಿ, ಅದರಲ್ಲಿ ಕೆಲವು ಜಾತಿ ಸಮುದ್ರವನ್ನೇ ದಾಟಿ ವಲಸೆ ಹೋಗುವಂಥವು. ಹಳ್ಳದ ಮರಳಲ್ಲಿ ಹಳದಿ ಚಿಟ್ಟೆಗಳು ಗುಂಪಾಗಿ ಕೂತಿದ್ದರೆ ಒಳಗೆ ತೇವ ಇರಬಹುದು. ಆದರೆ ಅವು ಉಪ್ಪಿನಂಶಕ್ಕಾಗಿ ಪ್ರಾಣಿಗಳ ಮೂತ್ರದ ಮೇಲೂ ಕೂರುತ್ತವೆ, ಕೈಯಿಟ್ಟು ನೋಡಿಯೇ ಹೇಳಬೇಕು. ಅದೇ ಮರಳಿಗೆ ಜೇನುಹುಳುಗಳೂ ಬಂದಿದ್ದರೆ ನನಗೆ ಧೈರ್ಯ ಬರುತ್ತದೆ. ಬಿಸಿಲು ಜೋರಾದಾಗ ಅವು ನೀರು ಹೊತ್ತೊಯ್ದು ಗೂಡಿನಲ್ಲಿ ಹನಿಸಿ, ರೆಕ್ಕೆ ಬೀಸಿ ತಂಪು ಮಾಡುತ್ತವೆ. ಆ ಹೊತ್ತಿಗೆ ಹಿಂದೆ ಮುಂದೆ ಓಡಾಡುವುದರಿಂದ ದಾರಿ ಕಣ್ಣಿಗೆ ಬೀಳುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಕಡೆಯಾದರೆ ಆನೆಗಳೇ ಒಣ ಹಳ್ಳದಲ್ಲಿ ಕಾಲು, ಸೊಂಡಿಲಿನಿಂದ ಗುಂಡಿ ತೋಡುತ್ತವೆ, ಅವು ಹೋದ ಮೇಲೆ ಜಿಂಕೆ, ಕಡವೆ, ಹಕ್ಕಿಗಳೆಲ್ಲ ಕುಡಿಯುತ್ತವೆ. ನಮ್ಮ ಕಡೆ ಆ ಕೆಲಸ ನಾವೇ ಮಾಡಬೇಕು. ಹಳ್ಳ ತಿರುಗುವ ಕಡೆ ಹೊರಬದಿಯ ದಂಡೆಯ ಬುಡದಲ್ಲಿ, ಇಲ್ಲವೇ ಹಳ್ಳಕ್ಕೆ ಅಡ್ಡವಾಗಿರುವ ಬಂಡೆಗೆ ನೀರು ಹರಿದುಬರುವ ಬದಿಯಲ್ಲಿ ಮರಳು ತೆಗೆದರೆ ಚಿಲುಮೆ ಸಿಗುವ ಸಂಭವ ಹೆಚ್ಚು. ಮೊದಲು ಬರುವ ರಾಡಿಯನ್ನು ಎತ್ತಿ ಚೆಲ್ಲಿ, ತಿಳಿಯಾಗುವವರೆಗೆ ಕಾಯಬೇಕು. ಪ್ರಾಣಿ ಕುಡಿದ ನೀರು ನಮಗೂ ಒಗ್ಗುತ್ತದೆ ಅನ್ನುವುದು ತಪ್ಪು. ಅದರಲ್ಲಿ ಮೂತ್ರ ಸೇರಿರುತ್ತದೆ, ಇಲಿಜ್ವರ ಬರುವುದು ಅಂಥ ನೀರಿನಿಂದಲೇ. ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ.

ಸಂಜೆ ನಾಲ್ಕರ ಮೇಲೆ ನಾನು ನೀರಿನ ಹತ್ತಿರ ನಿಲ್ಲುವುದಿಲ್ಲ. ಕರಡಿ, ಚಿರತೆಯ ಭಯ ಒಂದು ಕಡೆ. ನಾವು ಅಲ್ಲಿ ಕೂತಿದ್ದರೆ ಬಾಯಾರಿ ಬಂದ ಪ್ರಾಣಿ ಕುಡಿಯದೆ ಮರಳುತ್ತದಲ್ಲ, ಅದು ನನಗೆ ಇನ್ನೂ ದೊಡ್ಡ ಸಂಕಟ. ತೋಡಿದ ಗುಂಡಿಯ ಒಂದು ಬದಿಯನ್ನು ಇಳಿಜಾರು ಮಾಡಿಯೇ ಬಿಡುತ್ತೇವೆ, ಮೊಲವೋ ಮುಂಗುಸಿಯೋ ಬಿದ್ದರೆ ಹತ್ತಿ ಬರಲಿ ಎಂದು. ಆ ತಲಪರಿಗೆಯ ಜಾಗವನ್ನು ಇಲಾಖೆಗೆ ಬರೆದುಕೊಟ್ಟಿದ್ದೇವೆ. ಮೊದಲು ಜಾಲಿ ಕಡಿಯಬೇಕು, ಆಮೇಲೆ ಹೂಳು ತೆಗೆಯಬೇಕು. ಹೂಳೆತ್ತಲು ಜೆಸಿಬಿ ತಂದರೆ ಒರತೆಯ ಕಣ್ಣೇ ಮುಚ್ಚಿಹೋಗುವ ಅಪಾಯವಿದೆ; ಸಲಿಕೆ, ಮಂಕರಿಯಲ್ಲೇ ಆಗಬೇಕಾದ ಕೆಲಸ ಅದು.